ಟೈಲರಕ್ಕನ ಕೆರೆ

ಜನವರಿಯ ಬೆಳಿಗ್ಗೆ ಕೆರೆಯಿಂದ ಎದ್ದು ಬಂದಾಗ ಅವರ ತುಟಿಗಳು ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಕಪ್ಪಿಟ್ಟಿರುತ್ತಿದ್ದವು. ಹಲ್ಲು ಕಟಕಟ ಅನ್ನುತ್ತಿದ್ದರೂ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಅರ್ಧ ಮಾತು ನಮಗೆ ಅರ್ಥವೇ ಆಗುತ್ತಿರಲಿಲ್ಲ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅದೇ ತುಟಿಗಳು ತಮ್ಮ ಬಣ್ಣಕ್ಕೆ ಮರಳಿ, ಗುಂಡುಸೂಜಿಗಳನ್ನು ಕಚ್ಚಿಕೊಂಡಿರುತ್ತಿದ್ದವು. ಯಸಳೂರಿನ ಬಸ್ಸು ನಿಲ್ಲುವ ಜಾಗದ ಹಿಂದೆ ಅವರ ಹೊಲಿಗೆ ಅಂಗಡಿ. ಊರಿನವರೆಲ್ಲ ಅವರನ್ನು ಟೈಲರಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಕೊನೆಯವರೆಗೂ ಅಷ್ಟೇ ಕರೆದೆ.

ನಾನು ಆ ಊರಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಗಂಡ ಜ್ವರ ಬಂದು ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವರಿದ್ದ ಇಲಾಖೆಯಲ್ಲೇ ನನಗೆ ಅನುಕಂಪದ ಆಧಾರದ ಮೇಲೆ ಗುಮಾಸ್ತೆಯ ಕೆಲಸ ಕೊಟ್ಟು ಯಸಳೂರಿಗೆ ಹಾಕಿದ್ದರು. ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಬೆಳೆದ ನಾನು ಅಷ್ಟು ಮಳೆಯನ್ನಾಗಲಿ, ಅಷ್ಟು ಹಸಿರನ್ನಾಗಲಿ ಕಂಡವಳಲ್ಲ. ಕಂಡಾಗ ಏನೂ ಅನಿಸಲೂ ಇಲ್ಲ. ಗಂಡ ಹೋದ ದಿನದಿಂದ ನನಗೆ ಅಳು ಬಂದಿರಲಿಲ್ಲ. ಗಟ್ಟಿಗಿತ್ತಿ ಎಂದರು ಕೆಲವರು, ಕಲ್ಲು ಎಂದರು ಕೆಲವರು. ಎರಡೂ ನಿಜವಲ್ಲ. ಒಂದೇ ಮಗ್ಗುಲಿಗೆ ಮಲಗಿ ಎದ್ದಾಗ ಕೈಗೆ ಜೋಮು ಹಿಡಿದಿರುತ್ತದಲ್ಲ, ಕೈ ಇರುತ್ತದೆ, ಆದರೆ ಬೇರೆ ಯಾರದೋ ಕೈ ಅನಿಸುತ್ತದೆ, ಹಾಗಿತ್ತು ನನ್ನ ಸ್ಥಿತಿ. ಆಫೀಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಅನ್ನ ಮಾಡಿಕೊಂಡು ಉಣ್ಣುತ್ತಿದ್ದೆ.

ಟೈಲರಕ್ಕನ ಅಂಗಡಿಯ ಹಿಂದೆಯೇ ಅವರ ಮನೆ, ಮನೆಯ ಹಿಂದೆ ಒಂದು ಕೋಣೆ. ಆ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಅವರಿಗೆ ಆಗ ನಲವತ್ತು ದಾಟಿತ್ತು. ಒಬ್ಬರೇ ಇದ್ದರು. ಗಂಡ ಎಲ್ಲಿದ್ದಾರೆ ಎಂದು ಒಮ್ಮೆ ಕೇಳಿದೆ. "ಸಕಲೇಶಪುರದಲ್ಲಿ ಇನ್ನೊಬ್ಳನ್ನ ಕಟ್ಕಂಡವ್ನೆ" ಎಂದರು. ಸಕಲೇಶಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಉತ್ತರ ಕೊಡುವ ಧಾಟಿಯಲ್ಲೇ ಹೇಳಿ, ಕತ್ತರಿ ಹಿಡಿದುಕೊಂಡರು.

ಬೆಳಕು ಹರಿಯುವ ಮುಂಚೆ ಅವರ ಬಾಗಿಲ ಚಿಲಕದ ಸದ್ದು ದಿನಾ ಕೇಳುತ್ತಿತ್ತು. ಹೊರಗೆ ಇನ್ನಿಬ್ಬರ ಪಿಸುಮಾತು. ಸೂರ್ಯ ಮೇಲೆ ಬಂದ ಮೇಲೆ ಮೂವರೂ ತಲೆಗೆ ಟವೆಲ್ಲು ಸುತ್ತಿಕೊಂಡು ವಾಪಸು ಬರುತ್ತಿದ್ದರು. ದೇವರ ಕೆಲಸವೇನೋ ಎಂದುಕೊಂಡಿದ್ದೆ. ಒಂದು ಸಂಜೆ ನಾನು ಆಫೀಸಿನಿಂದ ಬಂದು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಾಗ ಟೈಲರಕ್ಕ ಅಳತೆ ಟೇಪು ಹಿಡಿದು ಬಂದರು.

"ಎದ್ದು ನಿಂತ್ಕಳಿ ಮೇಡಂ. ಕೈ ಎತ್ತಿ."

"ನಾನು ಏನೂ ಹೊಲಿಯಕ್ಕೆ ಕೊಟ್ಟಿಲ್ವಲ್ಲ."

"ಕೊಟ್ಟಿಲ್ಲ. ಕೈ ಎತ್ತಿ."

ಎತ್ತಿದೆ. ಯಾಕೆ ಎಂದು ಕೇಳುವಷ್ಟು ಕುತೂಹಲವೂ ನನಗಿರಲಿಲ್ಲ. ಕೆಲವು ದಿನದ ಮೇಲೆ ನನ್ನ ಕೈಗೆ ಒಂದು ಕಪ್ಪು ಬಟ್ಟೆ ಬಂತು. ತುಂಬುತೋಳಿನ ಅಂಗಿ, ಮೊಣಕಾಲು ಮುಚ್ಚುವ ಎಲಾಸ್ಟಿಕ್ ಚಡ್ಡಿ. ಕೊಡೆಯ ಬಟ್ಟೆಯಲ್ಲಿ ಹೊಲಿದದ್ದು. ಸೀರೆ ಉಟ್ಟು ಈಜಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಲಂಗ ಗಾಳಿ ತುಂಬಿ ಮೇಲೇಳುತ್ತದೆ, ಹತ್ತಿಯ ಚೂಡಿದಾರ ನೀರು ಕುಡಿದು ಕಲ್ಲಿನ ಭಾರವಾಗುತ್ತದೆ. ಇವೆಲ್ಲವನ್ನೂ ಹಾಕಿ ನೋಡಿ, ಕೊನೆಗೆ ಅವರು ಕೊಡೆ ಬಟ್ಟೆಗೆ ಬಂದು ನಿಂತಿದ್ದರು.

"ನಂಗೆ ಈಜು ಬರಲ್ಲ" ಎಂದೆ.

"ಬರದೆ ಇರೋದಕ್ಕೇ ಹೊಲ್ದಿರೋದು."

ಕೆರೆ ಊರಿನದಲ್ಲ. ಹೆತ್ತೂರು ರಸ್ತೆಯಲ್ಲಿ ಒಂದಷ್ಟು ದೂರ ನಡೆದು, ಎಸ್ಟೇಟಿನ ಗೇಟು ದಾಟಿ ಒಳಗೆ ಹೋದರೆ ಸಿಗುತ್ತಿತ್ತು. ಬೇಸಿಗೆಯಲ್ಲಿ ಕಾಫಿ ಗಿಡಗಳಿಗೆ ನೀರು ಹಾರಿಸಲು ಹಿಂದೆ ಯಾವಾಗಲೋ ತೆಗೆಸಿದ ದೊಡ್ಡ ಕೆರೆ. ಗುಡ್ಡದ ಹಳ್ಳದ ನೀರು ಬಂದು ಸೇರುತ್ತಿತ್ತು. ಮೂರು ಕಡೆ ಸಿಲ್ವರ್ ಓಕ್ ಮರಗಳ ನೆರಳು, ಹಾಗಾಗಿ ಮಧ್ಯಾಹ್ನವೂ ಅದು ಬಿಸಿಯಾಗುತ್ತಿರಲಿಲ್ಲ. ಎಸ್ಟೇಟಿನ ಸಾಹುಕಾರರ ಹೆಂಡತಿಯ ರವಿಕೆಗಳನ್ನು ಟೈಲರಕ್ಕನೇ ಹೊಲಿಯುತ್ತಿದ್ದುದರಿಂದ ಅಪ್ಪಣೆ ಆ ಕಡೆಯಿಂದ ಸಿಕ್ಕಿತ್ತು. ಪಂಪು ಓಡುವಾಗ ಇಳಿಯಬಾರದು ಎಂಬುದೊಂದೇ ಷರತ್ತು.

ಜೊತೆಗಿದ್ದ ಇನ್ನಿಬ್ಬರಲ್ಲಿ ಒಬ್ಬರು ಊರಿನ ಆಸ್ಪತ್ರೆಯ ನರ್ಸು. ಕಾಸರಗೋಡಿನ ಕಡೆಯವರು. ಅವರನ್ನು ಸಿಸ್ಟರ್ ಎನ್ನುತ್ತಿದ್ದೆವು. ಇನ್ನೊಬ್ಬರು ಬೇಕರಿಯವರ ಹೆಂಡತಿ, ಎಲ್ಲರಿಗೂ ಬೇಕರಿ ಅತ್ತಿಗೆ. ಅತ್ತಿಗೆಗೆ ಈಜುವುದಕ್ಕಿಂತ ದಡದಲ್ಲಿ ಕೂತು ಬೈಯುವುದು ಇಷ್ಟ. ಆದರೂ ದಿನಾ ಬರುತ್ತಿದ್ದರು, ಬರುವಾಗ ಬಿಸಿ ಬನ್ನು ತರುತ್ತಿದ್ದರು.

ಮೊದಲ ದಿನ ಸೊಂಟದ ಮಟ್ಟಕ್ಕೆ ನೀರು ಬಂದಾಗ ನನ್ನ ಉಸಿರು ಕಟ್ಟಿತು. ಬಾಯಿ ತೆರೆದು ಗಾಳಿ ಎಳೆದುಕೊಂಡೆ, ಮತ್ತೆ ಎಳೆದುಕೊಂಡೆ, ಒಳಗೆ ಜಾಗವೇ ಇಲ್ಲದಂತಾಯಿತು. ಟೈಲರಕ್ಕ ನನ್ನ ಎರಡೂ ತೋಳು ಹಿಡಿದು ಎದುರಿಗೆ ನಿಂತರು.

"ಉಸಿರು ಬುಡು. ತಗಳದು ತಾನಾಗೇ ಆಗ್ತೈತೆ. ಬುಡದನ್ನ ನೀನು ಮಾಡ್ಬೇಕು."

ಅದುವರೆಗೆ ಮೇಡಂ ಎನ್ನುತ್ತಿದ್ದವರು ನೀರಿಗಿಳಿದ ಕೂಡಲೇ ನೀನು ಎಂದಿದ್ದರು. ಆಮೇಲೆ ಎಂದೂ ಮೇಡಂ ಅನ್ನಲಿಲ್ಲ.

ಅವರಿಗೆ ಈಜು ಬಂದದ್ದು ಹೊಳೆಯಿಂದ. ತವರು ಆಲೂರು ಕಡೆ, ಹೇಮಾವತಿ ದಂಡೆಯ ಹಳ್ಳಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಸಿಸ್ಟರ್ ಒಮ್ಮೆ ಆ ವಿಷಯ ತೆಗೆದು, ಪಾಪ ಎಂಬಂತೆ ಏನೋ ಹೇಳಿದರು. ಟೈಲರಕ್ಕ ಬನ್ನು ಅಗಿಯುತ್ತಾ, "ಮುಳುಗ್ದಾಗ ನಮ್ಮನೆ ಹಿತ್ಲಲ್ಲೇ ಈಜಿದ್ದೆ ಕಣ್ರೀ. ದಾಳಿಂಬೆ ಗಿಡದ ತುದಿ ಕಾಲಿಗೆ ತಾಗ್ತಿತ್ತು" ಎಂದರು. ಅಷ್ಟು ಹೇಳಿ ಇನ್ನೊಂದು ಬನ್ನಿಗೆ ಕೈ ಹಾಕಿದರು.

ಮಳೆಗಾಲದಲ್ಲಿ ಕೆರೆ ಕೆಂಪಾಗಿ ಉಕ್ಕುತ್ತಿತ್ತು, ಆಗ ಹೋಗುತ್ತಿರಲಿಲ್ಲ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ನಮ್ಮ ಕಾಲ ಶುರು. ಕಾಫಿ ಕುಯ್ಲಿಗೆ ಹೊರಟ, ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ಏರಿಯ ಮೇಲೆ ನಿಂತು, ನೀರಿನಲ್ಲಿ ನಾಲ್ಕು ಕಪ್ಪು ಬೆನ್ನುಗಳನ್ನು ನೋಡಿ, "ನೀರುಕಾಗೆ ಬಂದವೆ" ಎಂದು ನಗುತ್ತಾ ಹೋಗುತ್ತಿದ್ದರು. ಊರಿನಲ್ಲಿ ಕೆಲವರಿಗೆ ನಗು ಬರಲಿಲ್ಲ. ಹಿರಿಯರೊಬ್ಬರು ಅಂಗಡಿಯವರೆಗೆ ಬಂದರು. ನಾನು ಅಲ್ಲೇ ಕೂತಿದ್ದೆ.

"ಏನವ್ವಾ, ಈ ವಯಸ್ಸಲ್ಲಿ ಹೆಂಗಸ್ರು ಕೆರೇಲಿ ಆಡದು ನೋಡಕ್ಕೆ ಚೆನ್ನಾಗಿರಲ್ಲ."

ಟೈಲರಕ್ಕ ಬಾಯಿಂದ ಗುಂಡುಸೂಜಿ ತೆಗೆಯದೆ, "ನೋಡಕ್ಕೆ ಯಾರು ಕರೆದ್ರು ಗೌಡ್ರೇ?" ಎಂದರು. ಆಮೇಲೆ ಸೂಜಿಗಳನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಹೇಳಿದರು: "ಬಟ್ಟೆ ಒಗೆಯಕ್ಕೆ ನಿಮ್ಮನೆ ಹೆಂಗಸ್ರೂ ನೀರಿಗೆ ಹೋಗ್ತಾರೆ. ಜಾರಿ ಬಿದ್ರೆ ತೆಗೆಯಕ್ಕೆ ಈ ಊರಲ್ಲಿ ನಾವು ನಾಕು ಜನ ಅದೀವಿ. ಇರ್ಲಿ ಬುಡಿ." ಗೌಡರು ಮೊಮ್ಮಗಳ ಲಂಗ ಯಾವಾಗ ಸಿಗುತ್ತದೆ ಎಂದು ಕೇಳಿ ಹೋದರು.

ನಾನು ಈಜು ಕಲಿತೆ. ಕಲಿತೆ ಎಂಬ ಸಂತೋಷವಾಗಲಿಲ್ಲ. ತಣ್ಣೀರಿನಲ್ಲಿ ಮೈ ಮರಗಟ್ಟುತ್ತಿತ್ತು, ಒಳಗೆ ಮೊದಲೇ ಮರಗಟ್ಟಿತ್ತು. ಒಳಗೂ ಹೊರಗೂ ಒಂದೇ ಆಗುತ್ತಿತ್ತಲ್ಲ, ಅದೊಂದು ನೆಮ್ಮದಿ. ಅದಕ್ಕೇ ಹೋಗುತ್ತಿದ್ದೆ ಅನಿಸುತ್ತದೆ.

ಎರಡನೆಯ ಚಳಿಗಾಲದ ಒಂದು ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಎದುರು ದಡ ಕಾಣುತ್ತಿರಲಿಲ್ಲ. ನಾನು ಕೆರೆಯ ನಡುವಿನವರೆಗೆ ಹೋಗಿ ಕೈಯಾಡಿಸುವುದನ್ನು ನಿಲ್ಲಿಸಿಬಿಟ್ಟೆ. ಸಾಯಬೇಕು ಎಂದುಕೊಂಡಿರಲಿಲ್ಲ. ಏನನ್ನೂ ಅಂದುಕೊಂಡಿರಲಿಲ್ಲ. ಕೈ ನಿಂತಿತು, ನಿಲ್ಲಲಿ ಎಂದು ಬಿಟ್ಟೆ. ನೀರು ಗಲ್ಲಕ್ಕೆ ಬಂತು, ಬಾಯಿಗೆ ಬಂತು. ಆಗ ಪಕ್ಕದಲ್ಲಿ ಟೈಲರಕ್ಕನ ದನಿ ಕೇಳಿಸಿತು.

"ಏನ್ ಮಾಡ್ತಿದೀಯ?"

"ಏನಿಲ್ಲ."

"ಕೈಯಾಡ್ಸು."

"ಆಗ್ತಿಲ್ಲ."

ಅವರು ಕೂಗಲಿಲ್ಲ, ನನ್ನ ಕೂದಲು ಹಿಡಿದು ಎಳೆಯಲೂ ಇಲ್ಲ. ಬೆನ್ನು ತಿರುಗಿಸಿ, "ನನ್ನ ಅಂಗಿ ತುದಿ ಹಿಡ್ಕ. ಅಷ್ಟಾದ್ರೂ ಆಗ್ತೈತಲ್ಲ" ಎಂದರು. ಹಿಡಿದೆ. ಅವರು ನಿಧಾನವಾಗಿ ಎಳೆದುಕೊಂಡು ಹೊರಟರು. ದಾರಿಯುದ್ದಕ್ಕೂ ಯಾರದೋ ಮದುವೆಯ ರವಿಕೆಯ ಬಗ್ಗೆ ಮಾತಾಡುತ್ತಿದ್ದರು. ಬಟ್ಟೆ ಸಾಲದೆ ತೋಳಿಗೆ ತೇಪೆ ಹಾಕಬೇಕಾಗಿತ್ತಂತೆ, ತೇಪೆ ಕಾಣದಂತೆ ಜರಿ ಕೂರಿಸಬೇಕಂತೆ. ದಡಕ್ಕೆ ಬಂದ ಮೇಲೆ ಅತ್ತಿಗೆಗಾಗಲಿ ಸಿಸ್ಟರ್‌ಗಾಗಲಿ ಏನೂ ಹೇಳಲಿಲ್ಲ.

ಅಂದು ಅವರು ನನ್ನನ್ನು ಆಫೀಸಿಗೆ ಬಿಡಲಿಲ್ಲ. ಅಂಗಡಿಯಲ್ಲಿ ಕೂರಿಸಿ, ಒಂದು ರಾಶಿ ರವಿಕೆ ಮುಂದಿಟ್ಟು, "ಹುಕ್ಕು ಹಾಕು" ಎಂದರು. ಬೆರಳು ಸೆಟೆದು ಸೂಜಿ ನಿಲ್ಲುತ್ತಿರಲಿಲ್ಲ. ಅವರು ಕಾದರು. ಮಧ್ಯಾಹ್ನದ ಹೊತ್ತಿಗೆ ಮೊದಲ ಹುಕ್ಕು ಕೂತಿತು, ಅದೂ ಸೊಟ್ಟ. ಬಿಚ್ಚಿ ಇನ್ನೊಮ್ಮೆ ಹಾಕಿಸಿದರು. ಸಂಜೆ ದೀಪ ಹಚ್ಚುವಾಗ ಒಂದೇ ಒಂದು ಮಾತು ಹೇಳಿದರು.

"ಇನ್ನು ಮೇಲೆ ನಡುವಿಗೆ ಹೋಗದಾದ್ರೆ ನನ್ನ ಕರಿ. ಒಬ್ಳೇ ಹೋಗ್ಬ್ಯಾಡ."

ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಬಂದು ಬಾಗಿಲು ಬಡಿದರು. ಎದ್ದು ಹೋದೆ.

ಹೀಗೇ ವರ್ಷಗಳು ಹೋದವು. ಬಡ್ತಿ ಬಂದಾಗ ಬೇರೆ ಊರು ಬೇಡವೆಂದು ಬರೆದುಕೊಟ್ಟು ಅಲ್ಲೇ ಉಳಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ, ನಾವು ಮೂವರೂ ನಡುಗುತ್ತಾ ಮೇಲೆ ಬಂದಾಗ, ಟೈಲರಕ್ಕ ಇನ್ನೂ ನೀರಿನಲ್ಲಿ ನಿಂತು, "ಇವತ್ತು ಬೆಚ್ಚಗೈತೆ ಅಲ್ವೇನ್ರೇ?" ಎಂದರು. ತಮಾಷೆ ಎಂದುಕೊಂಡು ನಕ್ಕೆವು. ಕೆಲವು ದಿನದ ಮೇಲೆ ರಸ್ತೆಯಲ್ಲಿ ಅವರ ಹಿಂದೆ ಬರುತ್ತಿದ್ದ ಬೇಕರಿ ಅತ್ತಿಗೆ, ನೆಲದ ಮೇಲಿದ್ದ ಒಂದು ಚಪ್ಪಲಿಯನ್ನು ಎತ್ತಿಕೊಂಡು, "ಇದು ನಿಮ್ದಲ್ವಾ?" ಎಂದರು. ಅದು ಕಾಲಿನಿಂದ ಕಳಚಿ ಬಿದ್ದದ್ದು ಟೈಲರಕ್ಕನಿಗೆ ಗೊತ್ತೇ ಆಗಿರಲಿಲ್ಲ. ಒಂದು ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ಅಷ್ಟು ದೂರ ನಡೆದುಬಂದಿದ್ದರು.

ಸಿಸ್ಟರ್ ನಗಲಿಲ್ಲ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ತೆಗೆದರು. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು, ಯಾರಿಗೂ ತಿಳಿದಿರಲಿಲ್ಲ. ಪಾದಗಳ ನರಗಳು ಸತ್ತಿದ್ದವು. ಅತ್ತಿಗೆ ಬಹಳ ದಿನ, "ನನ್ನ ಬನ್ನೇ ತಿನ್ಸಿ ತಿನ್ಸಿ" ಎಂದು ಹೇಳಿಕೊಂಡು ಓಡಾಡಿದರು. "ಸುಮ್ನಿರೇ ಮಾರಾಯ್ತಿ, ಬನ್ನಿಂದ ಯಾರಾದ್ರೂ ಕೆಟ್ಟವ್ರಾ" ಎಂದು ಟೈಲರಕ್ಕನೇ ಸಮಾಧಾನ ಮಾಡಿದರು. ಬರಿಗಾಲಲ್ಲಿ ಓಡಾಡಬೇಡಿ, ಕೆರೆಗೆ ಬರಲೇಬೇಡಿ ಎಂದರು ಸಿಸ್ಟರ್. ಮೊದಲನೆಯದಕ್ಕೆ ಟೈಲರಕ್ಕ ಒಪ್ಪಿದರು.

ಅಷ್ಟರಲ್ಲಿ ಆ ಕಡೆಯ ಗುಡ್ಡಗಳಿಗೆ ರಜೆಯಲ್ಲಿ ಕಾರುಗಳು ಬರಲು ಶುರುವಾಗಿತ್ತು. ಯಾರೋ ಏರಿಯ ಮೇಲೆ ಕುಡಿದು ಬಾಟಲಿ ಒಡೆದು ಹೋಗಿದ್ದರು. ಚೂರು ನೀರಿನಂಚಿಗೆ ಉರುಳಿತ್ತು. ಚಪ್ಪಲಿ ಬಿಟ್ಟು ನೀರಿಗಿಳಿಯುವ ಆ ನಾಲ್ಕು ಹೆಜ್ಜೆಯಲ್ಲೇ ಅದು ಅವರ ಬಲಗಾಲಿಗೆ ಹೊಕ್ಕಿತು. ಅವರು ಎಂದಿನಂತೆ ಈಜಿದರು, ಮೇಲೆ ಬಂದರು, ಮೈ ಒರೆಸಿಕೊಂಡರು, ನಡೆದರು. ಹಿಂದೆ ನಡೆಯುತ್ತಿದ್ದ ನಾನು ಕಲ್ಲಿನ ಮೇಲೆ ಕೆಂಪು ನೋಡಿದೆ. ಮುಂದಿನ ಕಲ್ಲಿನ ಮೇಲೂ ನೋಡಿದೆ.

"ಅಕ್ಕ, ನಿಲ್ಲಿ."

"ಯಾಕೆ?"

"ಕಾಲು ನೋಡಿ."

ಅವರು ಸಿಲ್ವರ್ ಓಕ್ ಮರಕ್ಕೆ ಕೈಕೊಟ್ಟು ಕಾಲು ಮಡಚಿ ನೋಡಿದರು. ಗಾಜು ಅರ್ಧ ಒಳಗೇ ಇತ್ತು. ಬಹಳ ಹೊತ್ತು ನೋಡಿದರು. ಆಮೇಲೆ, "ನಂದೇ ಕಾಲು ಅಲ್ವೇನೇ ಇದು?" ಎಂದು ನನ್ನನ್ನು ಕೇಳಿದರು.

ಗಾಯ ಮಾಯಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು. ಅದು ಸಾಲದೆ, ಬೇಸಿಗೆಯ ಹೊತ್ತಿಗೆ ಮೊಣಕಾಲಿನ ಕೆಳಗಿನಿಂದ ಕಾಲನ್ನೇ ತೆಗೆದರು. ಆಲೂರಿನಿಂದ ತಮ್ಮ ಬಂದು, ನಮ್ಮನೆಗೆ ಬಾ ಎಂದ. ಅಂಗಡಿ ಇದೆ ಎಂದರು. ಮಿಷಿನ್ನಿಗೆ ಕೈಚಕ್ರ ಹಾಕಿಸಿಕೊಂಡು ಬಲಗೈಯಲ್ಲಿ ತಿರುಗಿಸುತ್ತಾ, ಎಡಗೈಯಲ್ಲಿ ಬಟ್ಟೆ ನೂಕುತ್ತಾ ಹೊಲಿದರು. ಅವರ ಕೆಲಸ ನಿಧಾನವಾಯಿತು. ಜನ ಕಾದರು. ಕಾಯದವರು ಬೇರೆ ಕಡೆ ಹೋದರು.

ಅದಾಗಿ ಒಂದು ಚಳಿಗಾಲ ಕಳೆಯಿತು. ಮುಂದಿನ ಮಳೆಗಾಲದಲ್ಲಿ ಮೂತ್ರಪಿಂಡ ಕೈಕೊಟ್ಟು ಟೈಲರಕ್ಕ ತೀರಿಕೊಂಡರು. ತಮ್ಮನೇ ಬಂದು ದೇಹವನ್ನು ಕೊಂಡೊಯ್ದು, ಆಲೂರು ಕಡೆಯ ತನ್ನ ಹೊಲದಲ್ಲಿ, ಹಿನ್ನೀರು ಕಾಣುವ ದಿಬ್ಬದ ಮೇಲೆ ಮಣ್ಣು ಮಾಡಿದ. ಸುರಿವ ಮಳೆಯಲ್ಲಿ ನಾವು ಮೂವರೂ ಬಸ್ಸು ಹಿಡಿದು ಹೋಗಿದ್ದೆವು. ಅತ್ತಿಗೆ ಎದೆ ಬಡಿದುಕೊಂಡು ಅತ್ತರು. ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತಾ ಪ್ರಾರ್ಥನೆ ಮಾಡಿದರು. ನಾನು ಕೊಡೆ ಹಿಡಿದು ನಿಂತಿದ್ದೆ. ನನಗೆ ಅವತ್ತೂ ಅಳು ಬರಲಿಲ್ಲ. ವಾಪಸು ಬಂದು, ಅಂಗಡಿಯಲ್ಲಿ ಅರ್ಧಕ್ಕೆ ನಿಂತ ಬಟ್ಟೆಗಳನ್ನು ಅವರವರ ಮನೆಗೆ ಮುಟ್ಟಿಸಿದೆ. ಮನುಷ್ಯರು ಹೋದಾಗ ಏನಾಗಬೇಕೋ ಅದು ನನಗೆ ಆಗುವುದಿಲ್ಲ ಎಂದು ಆ ಹೊತ್ತಿಗೆ ಒಪ್ಪಿಕೊಂಡಿದ್ದೆ.

ಆದರೆ ನಾನು ಹೇಳಲೇಬೇಕಾದದ್ದು ಅವರು ಹೋಗುವ ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆಯ ಸಂಗತಿ.

ಗಾಯ ಪೂರ್ತಿ ಒಣಗಿದ ಮೇಲೆ ಟೈಲರಕ್ಕ ಕೆರೆಗೆ ಹೋಗಬೇಕೆಂದು ಹಟ ಹಿಡಿದರು. ಸಿಸ್ಟರ್ ಆಗದು ಎಂದರು. ಎರಡು ವಾರ ಇಬ್ಬರೂ ಮಾತು ಬಿಟ್ಟಿದ್ದರು. ಕೊನೆಗೆ ಸಿಸ್ಟರ್ ತಾವೇ ಅಂಗಡಿಗೆ ಬಂದು, "ಒಂದು ಸಲ. ನಾನು ಹೇಳಿದಾಗ ಮೇಲೆ ಬರಬೇಕು" ಎಂದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿ, ಕಾಫಿ ಚೀಲ ಸಾಗಿಸುವ ಪಿಕಪ್ಪಿನಲ್ಲಿ ಅವರನ್ನು ಏರಿಯವರೆಗೆ ತಂದೆವು. ಅಲ್ಲಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ನೀರಿಗಿಳಿದೆವು. ದಡದ ಕೆಸರನ್ನು ಅತ್ತಿಗೆ ಮೊದಲೇ ಕೈಯಿಂದ ತಡಕಿ ತಡಕಿ ನೋಡಿದ್ದರು.

ಕುರ್ಚಿಯಿಂದ ಜಾರಿ ನೀರಿಗೆ ಬಿದ್ದವರು ಒಂದು ಕ್ಷಣ ಓರೆಯಾದರು, ಆಮೇಲೆ ಸರಿಯಾದರು. ನೆಲದ ಮೇಲೆ ಗೋಡೆ ಹಿಡಿದು ಕುಪ್ಪಳಿಸುತ್ತಿದ್ದವರು ಅಲ್ಲಿ ನಮ್ಮೆಲ್ಲರಿಗಿಂತ ಮುಂದೆ ಹೋಗಿಬಿಟ್ಟರು. ಸಿಸ್ಟರ್ ಹಿಂದಿನಿಂದ ಕರೆಯುತ್ತಲೇ ಇದ್ದರು. ಟೈಲರಕ್ಕ ಕೇಳಿಸಿಕೊಳ್ಳದೆ ನೇರ ಎದುರು ದಡಕ್ಕೆ ಹೋದರು. ಹಿಂಬಾಲಿಸಿ ಮುಟ್ಟಿದವಳು ನಾನೊಬ್ಬಳೇ.

ಅಲ್ಲೊಂದು ಚಪ್ಪಟೆ ಬಂಡೆ ಇತ್ತು. ಅದರ ಮೇಲೆ ಇಬ್ಬರೂ ಕೂತೆವು. ಬಿಸಿಲು ಇನ್ನೂ ಮರಗಳ ತುದಿಯಲ್ಲೇ ಇತ್ತು. ನನ್ನ ದವಡೆ ನಡುಗಿ ಮಾತಾಡಲಾಗುತ್ತಿರಲಿಲ್ಲ. ಅವರು ತಮ್ಮ ಉಳಿದ ಕಾಲನ್ನು ಎರಡೂ ಕೈಯಿಂದ ಎತ್ತಿ ನನ್ನ ತೊಡೆಯ ಮೇಲೆ ಇಟ್ಟರು.

"ತಣ್ಣಗೈತಾ ನೋಡು."

ಮುಟ್ಟಿ ನೋಡಿದೆ. "ತಣ್ಣಗಿದೆ."

"ಹೆಂಗೆ ತಣ್ಣಗೆ?"

"ಹೊರಗಿಟ್ಟ ಸ್ಟೀಲು ಲೋಟದ ಥರ."

"ಅದು ಲೋಟ ಆಯ್ತು. ಮುಟ್ಟೋರಿಗೆ ಹಂಗೆ. ಒಳಗಿರೋರಿಗೆ ಹೆಂಗೆ ಅಂತ ಹೇಳು. ನಂಗೆ ಮರ್ತೋಗ್ಬುಟೈತೆ ಕಣೆ."

ನನಗೆ ಅವರ ಕಾಲಿನ ಒಳಗು ಗೊತ್ತಿರಲಿಲ್ಲ. ಹಾಗಾಗಿ ನನ್ನ ಕಾಲನ್ನು ನೋಡಿಕೊಂಡು ಹೇಳತೊಡಗಿದೆ. ಮೊದಲು ಚರ್ಮ ಉರಿಯುತ್ತದೆ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಉರಿ ಹೋಗಿ ಒಳಗೆ, ಮೂಳೆಯಲ್ಲಿ, ಹಿಂಡಿದ ಹಾಗಾಗುತ್ತದೆ. ಹಿಮ್ಮಡಿಯಲ್ಲಿ ಜಾಸ್ತಿ.

"ಬೆರಳು?"

"ಬೆರಳು ಇರೋದೇ ಗೊತ್ತಾಗ್ತಿಲ್ಲ. ಆದ್ರೆ ಬುಡದಲ್ಲಿ ಗೊತ್ತಾಗುತ್ತೆ. ಬುಡದಲ್ಲಿ ಸೆಳೀತಾ ಇದೆ."

"ನೋಯ್ತೈತಾ?"

ಆಚೆ ದಡದಲ್ಲಿ ಸಿಸ್ಟರ್ ಕೈಬೀಸುತ್ತಿದ್ದರು. ಯಾರಾದರೂ ಹೇಗಿದ್ದೀಯ ಎಂದು ಕೇಳಿದರೆ ಚೆನ್ನಾಗಿದ್ದೀನಿ ಎನ್ನುವುದು ನನಗೆ ಅಭ್ಯಾಸವಾಗಿ ಎಷ್ಟೋ ವರ್ಷವಾಗಿತ್ತು. ಅತ್ತೆಗೆ, ಅಮ್ಮನಿಗೆ, ಆಫೀಸಿನವರಿಗೆ, ಎಲ್ಲರಿಗೂ ಅದನ್ನೇ ಹೇಳಿದ್ದೆ. ಇವರು ಕಾಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

"ನೋಯ್ತಿದೆ ಅಕ್ಕ" ಎಂದೆ.

"ಎಷ್ಟು?"

"ತುಂಬಾ."

ಅವರು ತಲೆಯಾಡಿಸಿದರು. ಕಪ್ಪಿಟ್ಟ ತುಟಿಯಲ್ಲಿ ಸಣ್ಣಗೆ ನಕ್ಕಂತೆ ಕಂಡಿತು. ಕಾಲನ್ನು ನನ್ನ ತೊಡೆಯಿಂದ ಎತ್ತಿಕೊಂಡು, ನನ್ನ ಮೊಣಕಾಲನ್ನು ಒಮ್ಮೆ ತಟ್ಟಿದರು.

"ಹಂಗಾದ್ರೆ ಸರಿಯಾಗೇ ಐತೆ ಬುಡು" ಎಂದು ನೀರಿಗೆ ಜಾರಿದರು.